ಮುಂದಿನ ಸೀಟಿನ ಸಿಲಿಂಡರ್

"ರಫೀಕ್, ಯೇ ಕೌನ್ ಹೈ?"

ಪೊಲೀಸ್ ಅಧಿಕಾರಿ ಕಾರಿನ ಕಿಟಕಿಗೆ ಬಗ್ಗಿ ಕೇಳಿದಾಗ ಪ್ರೇಮನಾಥ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಕೂತಿದ್ದ.

ರಫೀಕ್ ಎಂದರೆ ಗೆಳೆಯ; ಅಲ್ಲಿ ಪರದೇಶಿಗಳೆಲ್ಲರೂ ರಫೀಕರೇ. ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮುಂದಿನ ಸೀಟಿನಲ್ಲಿ, ಏಸಿಯ ತಂಪುಗಾಳಿಗೆ ಎದುರಾಗಿ, ಒದ್ದೆ ಟವೆಲು ಹೊದ್ದು ಒಂದು ಗ್ಯಾಸ್ ಸಿಲಿಂಡರ್ ಕೂತಿತ್ತು. ಬೀಳದ ಹಾಗೆ ಅದನ್ನು ಲುಂಗಿಯಿಂದ ಸೀಟಿಗೆ ಕಟ್ಟಲಾಗಿತ್ತು. ಗೆಳೆಯ ಕೊಗ್ಗ ನಾಲ್ಕು ಗ್ಲಾಸು ಬಿಯರ್ ಇಳಿಸಿ, ಹಿಂದಿನ ಸೀಟಿನಲ್ಲಿ ಬಿಯರಿನ ಸ್ಟೀಲ್ ಬ್ಯಾರಲ್ ತಬ್ಬಿಕೊಂಡು ಹಾಡುತ್ತಿದ್ದ. ಎಂಬತ್ತೊಂಬತ್ತರ ಮೇ ತಿಂಗಳು, ಗುರುವಾರದ ಸಂಜೆ ನಾಲ್ಕು ಗಂಟೆ. ಗಲ್ಫಿನ ಆ ಬಿಸಿಲಿಗೆ ಸಿಲಿಂಡರನ್ನು ಡಿಕ್ಕಿಯಲ್ಲಿಡುವುದು ಹುಡುಗಾಟವಲ್ಲ. ಮನುಷ್ಯರಾದರೆ ಎಲ್ಲಿ ಬೇಕಾದರೂ ಕೂರುತ್ತಾರೆ.

ಅಲ್ ಹೈಲ್‌ನ ತನ್ನ ಮನೆಯಿಂದ ಅಲ್ ಖೌದ್‌ನ ಕೊಗ್ಗನ ಮನೆಗೆ ಹದಿನೈದು ನಿಮಿಷದ ದಾರಿ. ಅಷ್ಟರೊಳಗೇ ಗ್ರಹಚಾರ ಕೈ ಅಡ್ಡ ಹಿಡಿದು ನಿಲ್ಲಿಸಿತ್ತು.

ಪ್ರೇಮನಾಥ ರುಸೈಲ್‌ನ ಒಂದು ಬಕೆಟ್ ಫ್ಯಾಕ್ಟರಿಯಲ್ಲಿ ಸ್ಟೋರ್‌ಕೀಪರ್. ಮನೆಯಲ್ಲಿ ಕದ್ದು ಬಿಯರ್ ಮಾಡುತ್ತಿದ್ದ. ಅಂಗಡಿಯ ನಶೆಯಿಲ್ಲದ ಮಾಲ್ಟ್ ಪಾನೀಯ ತಂದು ಡ್ರಮ್ಮಿಗೆ ಸುರಿದು, ಸಕ್ಕರೆ, ಯೀಸ್ಟ್ ಬೆರೆಸಿ ಹತ್ತು ದಿನ ಹುಳಿ ಬರಿಸಬೇಕು. ಆ ಕೆಲಸ ಹೆಂಡತಿ ಸ್ವರ್ಣಲತಾಳದು. ದೋಸೆ ಹಿಟ್ಟು ಹುಳಿ ಬರಿಸುವವಳಿಗೆ ಇದೇನು ಮಹಾ ಎಂದು ಅವನು ಅತ್ತ ತಲೆ ಹಾಕಿದವನಲ್ಲ. ಮುಚ್ಚಳ ತೆಗೆದರೆ ಕೆಡುತ್ತದೆಂದು ಅವಳೂ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ.

ನಿಜವಾದ ವಿದ್ಯೆ ಇರುವುದು ನೊರೆ ಬರಿಸುವ ಗ್ಯಾಸಿನಲ್ಲಿ ಎಂದು ಪ್ರೇಮನಾಥನ ಸಿದ್ಧಾಂತ. ಮೊದಲು ವೆಲ್ಡಿಂಗ್ ಶಾಪಿನ ಸಿಲಿಂಡರ್ ತಂದಿದ್ದ. ಕುಡಿದವರಿಗೆಲ್ಲ ಮರುದಿನ ತಲೆ ಸಿಡಿತ. ಬೆಂಕಿ ಆರಿಸುವ ಸಿಲಿಂಡರನ್ನು ಪರೀಕ್ಷಿಸಿದ, ರಬ್ಬರಿನ ವಾಸನೆ. ಕೊನೆಗೆ ಸೋಡಾ ಫ್ಯಾಕ್ಟರಿಯ ಸಿಲಿಂಡರೊಂದನ್ನು ಹೆಣ್ಣು ನೋಡಲು ಹೋದವರಂತೆ ಮೂರು ಸಲ ಹೋಗಿ ನೋಡಿ ಒಪ್ಪಿದ. ಅದನ್ನು ವಾರಕ್ಕೊಮ್ಮೆ ತೂಗುತ್ತಿದ್ದ. ಮೀಟರ್ ಸುಳ್ಳು ಹೇಳೀತು, ತಕ್ಕಡಿ ಹೇಳದು. ಜಾಯಿಂಟಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೋ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ. ತನ್ನ ಮಗಳು ಎಷ್ಟನೇ ಕ್ಲಾಸೆಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತಿತ್ತು.

ಆ ಸಿಲಿಂಡರ್ ಬಂದು ಎರಡು ವರ್ಷ. ಅಂದಿನಿಂದ ಒಬ್ಬರಿಗೂ ತಲೆನೋವಿಲ್ಲ. ಗುರುವಾರ ಕುಡಿದು ಕುಣಿದವರು ಶುಕ್ರವಾರ ಬೆಳಿಗ್ಗೆ ಮಿಂದು ಭಜನೆಗೆ ಬರುತ್ತಿದ್ದರು.

"ಗ್ಯಾಸ್ ಶುದ್ಧ ಇದ್ರೆ ಹೀಗೇ ಮಾರಾಯ," ಎನ್ನುತ್ತಿದ್ದ ಪ್ರೇಮನಾಥ.

ಅದೇ ಸುಮಾರಿಗೆ ಫ್ಯಾಕ್ಟರಿಯ ದೇಜಪ್ಪ ಎರಡು ಕ್ಯಾನ್ ಮನೆಯ ಬಿಯರಿನೊಂದಿಗೆ ಸಿಕ್ಕಿಬಿದ್ದು, ವಾರದೊಳಗೆ ಹೆಂಡತಿ ಮಕ್ಕಳ ಸಮೇತ ಊರಿನ ವಿಮಾನ ಹತ್ತಿದ್ದ. ಅವರ ಸಾಮಾನು ಕಟ್ಟಿಕೊಟ್ಟು ಬಂದ ಸ್ವರ್ಣಲತಾ ಗಂಡನೆದುರು ಅತ್ತಿದ್ದಳು. "ಸಾಕು ಇದು. ನಮ್ಮ ಗತಿ ಎಂತ?"

"ಅವನ ಗ್ಯಾಸ್ ಸರಿ ಇರಲಿಲ್ಲ. ವಾಸನೆ ಹೊರಗೆ ಬಂತು," ಎಂದಿದ್ದ ಪ್ರೇಮನಾಥ.

ಆಮೇಲೆ ಅವಳು ಆ ಮಾತೆತ್ತಲಿಲ್ಲ. ಮೌನವೇ ಸಮ್ಮತಿ ಎಂದು ಇವನು ತಿಳಿದ.

ಈಗ ಠಾಣೆಯ ಬೆಂಚಿನ ಮೇಲೆ ಕೂತವನಿಗೆ ದೇಜಪ್ಪನ ಮಕ್ಕಳ ಮುಖ ನೆನಪಾಯಿತು. ಇವನೂ ಎರಡು ಗ್ಲಾಸು ಕುಡಿದೇ ಕಾರು ಓಡಿಸಿದ್ದ.

ನೆಲದ ಗೆರೆಯ ಮೇಲೆ ನಡೆ ಎಂದರು. ಪ್ರೇಮನಾಥ ಹೇಗೋ ನಡೆದ. ಕೊಗ್ಗ ಮೂರು ಹೆಜ್ಜೆ ಇಟ್ಟು ಹೂಕುಂಡದ ಮೇಲೆ ಬಿದ್ದ. ಬಿದ್ದಲ್ಲಿಂದಲೇ ಅಧಿಕಾರಿಯ ಕಾಲು ಹಿಡಿದ. "ಚಾರ್ ಗ್ಲಾಸ್ ಸಾಬ್. ಪೂರಾ ನಶಾ ಸಾಬ್. ಮಾಫ್ ಕರೋ."

"ಬಾಯಿ ಮುಚ್ಚು ಮಾರಾಯ," ಎಂದು ಪ್ರೇಮನಾಥ ಹಲ್ಲು ಕಚ್ಚಿ ಹೇಳಿದ. ಏನು ಪ್ರಯೋಜನ, ಹೇಳುವುದೆಲ್ಲ ಹೇಳಿಯಾಗಿತ್ತು.

ಡಾಕ್ಟರೊಬ್ಬರು ಬಂದು ಇಬ್ಬರ ಬಾಯಿ ಮೂಸಿದರು, ಯಂತ್ರಕ್ಕೆ ಊದಿಸಿದರು, ಬ್ಯಾರಲ್ಲಿನಿಂದ ಒಂದು ಸೀಸೆ ತುಂಬಿಸಿಕೊಂಡು ಒಳಗೆ ಹೋದರು. ಒಂದು ಗಂಟೆ ಕಳೆಯಿತು. ಕೊಗ್ಗ ಬಿಕ್ಕುತ್ತಿದ್ದ. ಪ್ರೇಮನಾಥ ಮನಸ್ಸಿನಲ್ಲೇ ಸಾಮಾನು ಕಟ್ಟುತ್ತಿದ್ದ.

ಅಧಿಕಾರಿ ಹೊರಗೆ ಬಂದ. ಹಿಂದೆ ಡಾಕ್ಟರು. ಇಬ್ಬರೂ ಇವರ ಮುಖ ನೋಡಿದರು. ಅಧಿಕಾರಿ ಒಂದು ಗ್ಲಾಸು ತರಿಸಿ, ಬ್ಯಾರಲ್ಲಿನ ನಳ್ಳಿ ತಿರುಗಿಸಿ, ನೊರೆ ಉಕ್ಕುವಷ್ಟು ತುಂಬಿಸಿ ಒಂದೇ ಉಸಿರಿಗೆ ಕುಡಿದ. ಇನ್ನೊಂದು ತುಂಬಿಸಿ ಡಾಕ್ಟರಿಗೆ ಕೊಟ್ಟ.

"ಗ್ಯಾಸ್ ಅಚ್ಛಾ ಹೈ," ಎಂದು ಮೀಸೆ ಒರೆಸಿಕೊಂಡ. "ಖಲಾಸ್, ಜಾವ್. ಔರ್ ರಫೀಕ್, ಆದ್ಮಿ ಆಗೇ, ಸಿಲಿಂಡರ್ ಪೀಛೇ."

ಪ್ರೇಮನಾಥನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೊಗ್ಗನನ್ನು ಅವನ ಮನೆಗೆ ಬಿಟ್ಟು, ಸೀದಾ ಅಲ್ ಹೈಲ್‌ಗೆ ಬಂದು, ಚಪ್ಪಲಿ ಕಳಚದೆ ಅಡುಗೆಮನೆಗೆ ನುಗ್ಗಿ ನಡೆದದ್ದೆಲ್ಲ ಒದರಿದ.

"ಇನ್ನು ನಮಗೆ ಯಾರ ಹೆದರಿಕೆಯೂ ಇಲ್ಲ. ಪೊಲೀಸರೇ ನಮ್ಮ ಕಡೆ. ಒಂದು ಗುಟುಕಿಗೆ ಬಿದ್ರು. ಬರುವ ವಾರ ಯೀಸ್ಟ್ ಡಬಲ್ ಹಾಕು. ಎರಡು ಬ್ಯಾರಲ್ ಸ್ಟೇಷನ್ನಿಗೇ ಕೊಟ್ಟು ಬರ್ತೇನೆ."

ಸ್ವರ್ಣಲತಾ ಸೌಟು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತಳು.

"ಬೇಡ, ದಮ್ಮಯ್ಯ," ಎಂದಳು. "ನನಗೆ ಹೆದರಿಕೆ ಆಗ್ತದೆ."

"ಎಂಥ ಹೆದರಿಕೆ? ಅವನೇ ಕುಡಿದ ಅಂದೆನಲ್ಲ."

"ಕುಡಿಯದೆ ಎಂತ? ದೇಜಪ್ಪಣ್ಣನವರು ಹೋದಂದಿನಿಂದ ನಿಮ್ಮ ಯೀಸ್ಟ್ ಎಲ್ಲ ಕೆಳಗಿನ ಮನೆ ಲೂರ್ಡ್ಸ್ ಬಾಯಿಯವರ ಸನ್ನದ ಹಿಟ್ಟಿಗೆ ಹೋಗ್ತಾ ಉಂಟು. ಡ್ರಮ್ಮಿಗೆ ನಾನು ಒಂದು ಚಿಟಿಕೆಯೂ ಹಾಕಲಿಲ್ಲ."