ಕಾಳಿಗೆ ಉಡಿ ತುಂಬಿದ ದಿನ

ಹೊಸ ರವಿಕೆ ಖಣದ ಗಂಜಿ ವಾಸನೆ ಮೂಗಿಗೆ ಬಿದ್ದರೆ ನನಗೆ ಈಗಲೂ ಕಾರವಾರ ನೆನಪಾಗುತ್ತದೆ.

ದಾಂಡೇಲಿಯಿಂದ ನಸುಕಿನ ಬಸ್ಸಿಗೆ ಹೊರಟಿದ್ದೆವು. ಬಂದರು, ದಂಡೆಯ ಮೇಲಿನ ಯುದ್ಧನೌಕೆ, ನಡುಗಡ್ಡೆಗೆ ಹೋಗುವ ದೋಣಿ, ಎಲ್ಲವನ್ನೂ ಒಂದೇ ದಿನದಲ್ಲಿ ತೋರಿಸುವ ಹುಮ್ಮಸ್ಸು ಅಪ್ಪನಿಗೆ. ಅವ್ವ ಮಾತ್ರ ನಮ್ಮೂರ ಕಾಳಿ ಹೊಳೆ ಸಮುದ್ರ ಸೇರುವ ಕಡೆಗೇ ನಡೆದಳು. ನೀರಿಗಿಳಿದು, ಚೀಲದಿಂದ ಖಣ, ಅಕ್ಕಿ, ತೆಂಗಿನಕಾಯಿ ತೆಗೆದು, ಮಗಳಿಗೆ ಉಡಿ ತುಂಬುವ ಹಾಗೆ ಹೊಳೆಗೆ ಬಿಟ್ಟಳು.

“ದೋಣಿ ತಪ್ಪತೈತಿ, ಲಗೂ ಬಾ!” ಅಪ್ಪ ದಂಡೆಯಿಂದ ಒದರಿದ.

“ತಡೀರಿ. ನಮ್ಮೂರ ಮಗಳು ಗಂಡನ ಮನಿಗೆ ಹೊಂಟಾಳ. ಬರಿ ಉಡೀಲೆ ಕಳಸಬಾರದು.”

“ಹೊಂಟ ನೀರು ಎಲ್ಲೆರ ಹೊಳ್ಳಿ ಬರ್ತೈತೇನು?”

“ಬರ್ತಾಳ್ರಿ. ವರ್ಷಾ ವರ್ಷಾ ಮಳಿಯಾಗಿ ತವರಿಗೆ ಬರ್ತಾಳ ಆಕಿ,” ಅಂದಳು ಅವ್ವ, ನೀರನ್ನೇ ನೋಡುತ್ತ.

ದೋಣಿಯ ಕಡೆ ನೋಡುತ್ತಿದ್ದ ಅಪ್ಪ ಅವ್ವನತ್ತ ತಿರುಗಿದ. ಅವ್ವನ ತವರು ಮುಂಡಗೋಡ ಕಡೆಯ ಇಂದೂರು. ಅಪ್ಪ ಅಲ್ಲಿ ನನ್ನ ಸೋದರಮಾವನ ಜೊತೆ ಜಗಳಾಡಿ ಬಂದ ಮೇಲೆ ಅವಳು ಆ ಹೊಸ್ತಿಲು ತುಳಿದಿರಲಿಲ್ಲ.

ದೋಣಿ ನಮ್ಮ ಕಣ್ಣೆದುರೇ ಹೋಯಿತು. ನಾನು ಅಳತೊಡಗಿದೆ. ಅಪ್ಪ ನನ್ನನ್ನು ಹೆಗಲಿಗೇರಿಸಿಕೊಂಡು, ಬಂದರನ್ನೂ ತೋರಿಸದೆ ನಮ್ಮಿಬ್ಬರನ್ನೂ ಸೀದಾ ಬಸ್ ಸ್ಟ್ಯಾಂಡಿಗೆ ಕರೆತಂದ. ಅಲ್ಲಿ ನಿಂತಿದ್ದ ಕಂಡಕ್ಟರನನ್ನು ಕೇಳಿದ:

“ಮುಂಡಗೋಡದ ಬಸ್ ಎಷ್ಟೊತ್ತಿಗೈತ್ರಿ? ಇಂದೂರಿಗೆ ಹೋಗಬೇಕು.”