ಒಗ್ಗರಣೆ ಇಲ್ಲದ ಹುಳಿ

ಇದು ನಮ್ಮ ಕೆಳಗಿನ ಮನೆಯ ಕಥೆ. ಓದಿ ಮುಗಿಸಿ, ಆಮೇಲೆ ನಿಮ್ಮ ಮನೆಯವರ ಮುಖ ಒಮ್ಮೆ ನೋಡಿ...

ತುಮಕೂರಿನಲ್ಲಿ ನಾವು ಮೇಲಿನ ಮನೆಯ ಬಾಡಿಗೆದಾರರು. ಕೆಳಗೆ ಓನರ್ ವಿಶಾಲಾಕ್ಷಮ್ಮ, ಅವರ ಮಗ ಪ್ರಮೋದ, ಸೊಸೆ ಚೇತನಾ.

ಹೋದ ವರ್ಷ ಪ್ರಮೋದ ಆಫೀಸಿನಲ್ಲೇ ಕುಸಿದು ಬಿದ್ದ. ಹಾರ್ಟ್ ಅಟ್ಯಾಕ್. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಸಾವಾದ ಮನೆಯಲ್ಲಿ ಸೂತಕ ಕಳೆಯುವವರೆಗೆ ಒಗ್ಗರಣೆ ಹಾಕುವುದಿಲ್ಲ, ನಿಮಗೂ ಗೊತ್ತಿರುತ್ತದೆ. ಎಣ್ಣೆ ಕಾಯಬಾರದು, ಸಾಸಿವೆ ಸಿಡಿಯಬಾರದು.

ಸೂತಕ ಕಳೆಯಿತು. ವೈಕುಂಠ ಸಮಾರಾಧನೆಯೂ ಆಯಿತು. ತಿಂಗಳುಗಳೇ ಉರುಳಿದವು... ಆ ಮನೆಯಿಂದ ಒಗ್ಗರಣೆಯ ವಾಸನೆ ಮಾತ್ರ ಬರಲೇ ಇಲ್ಲ.

ಅತ್ತೆ ಅಳಲಿಲ್ಲ. ಸೊಸೆಯೂ ಅಳಲಿಲ್ಲ. ಟಿವಿ ತನ್ನ ಪಾಡಿಗೆ ಓಡುತ್ತಿತ್ತು, ಇಬ್ಬರೂ ಗೋಡೆ ನೋಡುತ್ತಾ ಕೂತಿರುತ್ತಿದ್ದರು.

ಒಂದು ದಿನ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಇಬ್ಬರೂ ಅದನ್ನೇ ಕಲಸಿಕೊಂಡು ಉಂಡು ಎದ್ದಿದ್ದರು. ಕೆಳಗೆ ಹೋಗಿದ್ದ ನಾನು ಮಿಕ್ಕಿದ್ದನ್ನು ರುಚಿ ನೋಡಿದೆ, ಆಗಲೇ ಗೊತ್ತಾಗಿದ್ದು.

ನಾನಂತೂ ಬಾಯಿ ಮುಚ್ಚಿಕೊಂಡು ಇರುವವಳೇ ಅಲ್ಲ... ಕೇಳಿಯೇ ಬಿಟ್ಟೆ.

"ಏನ್ರೀ ಇದು, ಇನ್ನೂ ಎಷ್ಟು ದಿನ ಈ ಸಪ್ಪೆ ಊಟ?"

"ಇರ್ಲಿ ಬಿಡಿ..." ಎಂದರು ವಿಶಾಲಾಕ್ಷಮ್ಮ. ಅಷ್ಟೇ.

ಕೊನೆಗೆ ಒಂದು ಭಾನುವಾರ ಚೇತನಾಳ ಅಣ್ಣ ನಂದೀಶ ಕಾರು ತಂದ. ಅವಳು ಇನ್ನು ತವರಿನಲ್ಲೇ ಇರುವುದೆಂದು ತೀರ್ಮಾನವಾಗಿತ್ತು.

ಅತ್ತೆ ಹೋಗಬೇಡ ಅನ್ನಲಿಲ್ಲ. ಸೊಸೆ ಇರುತ್ತೇನೆ ಅನ್ನಲಿಲ್ಲ.

ಆ ದಿನ ವಿಶಾಲಾಕ್ಷಮ್ಮ ದೊಡ್ಡ ಪಾತ್ರೆಯಲ್ಲಿ ಹುಳಿ ಇಟ್ಟರು. ತೊಗರಿಬೇಳೆ, ಅವರೆಕಾಳು, ಸಿಹಿಗುಂಬಳ, ಜೊತೆಗೆ ರಾಶಿ ಬೆಂಡೆಕಾಯಿ.

ಬೆಂಡೆಯನ್ನು ಎಣ್ಣೆಯಲ್ಲಿ ಬಾಡಿಸಲೂ ಇಲ್ಲ. ಹಸಿಯದನ್ನೇ ಹುಣಸೆರಸದಲ್ಲಿ ಬೇಯಿಸಿ, ಕಾಯಿ ಖಾರ ರುಬ್ಬಿ ಹಾಕಿ ಕುದಿಸಿದರು. ಬೆಂಡೆಯ ಲೋಳೆಗೇ ಹುಳಿ ಗಟ್ಟಿಯಾಗಿ ಬಂತು.

ನನ್ನನ್ನೂ ಊಟಕ್ಕೆ ಕರೆದಿದ್ದರು. ಪಾಪ ನಂದೀಶ, ಒಂದು ತುತ್ತು ತಿಂದವನೇ ಕೇಳಿದ, "ಹುಳಿ ಚೆನ್ನಾಗಿದೆ ಅಮ್ಮ... ಒಗ್ಗರಣೆ ಮರ್ತ್ಬಿಟ್ರಾ?"

ನನಗೋ ಅವನ ಕಾಲು ತುಳಿಯಬೇಕು ಅನ್ನಿಸಿತು.

ಆಗ ಚೇತನಾ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು.

"ಅತ್ತೆ... ನಾನು ಹೋದ್ಮೇಲಾದ್ರೂ ಒಗ್ಗರಣೆ ಹಾಕ್ಕೊಂಡು ಊಟ ಮಾಡಿ. ಮಗ ಹೋಗಿರೋ ಮನೇಲಿ ನಾನು ಸಾಸಿವೆ ಸಿಡಿಸಿದ್ರೆ ನಿಮಗೆಷ್ಟು ನೋವಾಗುತ್ತೋ ಅಂತ... ಇಷ್ಟು ದಿನ ನನಗೆ ಕೈಯೇ ಬರ್ಲಿಲ್ಲ."

ವಿಶಾಲಾಕ್ಷಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ನನಗಾ? ಅಯ್ಯೋ ಹುಚ್ಚಿ! ಗಂಡನ್ನ ಕಳ್ಕೊಂಡ ಹುಡುಗಿ ಎದುರಿಗೆ ನನಗೇನು ನಾಲಿಗೆ ಚಪಲ ಅಂತ ನಾನು ಬಿಟ್ಟಿದ್ದು ಕಣೇ..."

"ಮತ್ತೆ ನನ್ನ ಮುಖಾನೇ ನೋಡ್ತಿರ್ಲಿಲ್ಲ ನೀವು? ನಿಮಗೆ ನಾನು ಕಣ್ಣೆದುರು ಇರೋದೇ ಕಷ್ಟ ಅಂದ್ಕೊಂಡೆ. ಅದಕ್ಕೇ ಹೊರಟಿದ್ದು."

"ನಾನು... ನಿನಗೇ ಈ ಮನೆ ಬೇಡವಾಗಿದೆ ಅಂದ್ಕೊಂಡೆ. ಅದಕ್ಕೇ ತಡೀಲಿಲ್ಲ."

ಅಷ್ಟೇ ನೋಡಿ...

ಗಂಡನ ಹೆಣದ ಮುಂದೆಯೂ ಅಳದೆ ಕಲ್ಲಾಗಿ ಕೂತಿದ್ದ ಹುಡುಗಿ, ಎಂಜಲು ಕೈಯಲ್ಲೇ ಅತ್ತೆಯನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಮಗ ಹೋದ ಮೇಲೆ ವಿಶಾಲಾಕ್ಷಮ್ಮ ಅತ್ತಿದ್ದನ್ನು ನಾನು ನೋಡಿದ್ದೂ ಅವತ್ತೇ. ನನಗೂ ಕಣ್ಣೀರು ತಡೆಯಲಾಗಲಿಲ್ಲ, ನಂದೀಶನೂ ಮುಖ ತಿರುಗಿಸಿಕೊಂಡ.

ಸ್ವಲ್ಪ ಹೊತ್ತಾದ ಮೇಲೆ ಅವರು ಸೆರಗಿನಲ್ಲಿ ಸೊಸೆಯ ಮುಖ ಒರೆಸಿ ಕೇಳಿದರು, "ಹೋಗಲೇಬೇಕೇನೇ?"

ಚೇತನಾ ಅಣ್ಣನ ಕಡೆ ತಿರುಗಿದಳು.

"ಅಣ್ಣಾ, ನೀನು ನಿಧಾನಕ್ಕೆ ಊಟ ಮಾಡ್ಕೊಂಡು ಹೊರಡು... ನಾನು ಅಮ್ಮನ ಜೊತೆ ಇಲ್ಲೇ ಇರ್ತೀನಿ."

ಅಲ್ಲಿಯವರೆಗೂ ಅವಳು ಅತ್ತೆಯನ್ನು ಅಮ್ಮ ಎಂದು ಕರೆದದ್ದನ್ನು ನಾನು ಕೇಳಿರಲಿಲ್ಲ.

ನೋವಾದೀತೆಂದು ಕೇಳದೆ ಬಿಟ್ಟ ಮಾತು, ಒಂದೇ ಪಾತ್ರೆಯ ಅಡುಗೆ ಉಣ್ಣುವವರನ್ನೂ ದೂರ ಮಾಡುತ್ತದೆ.

ನಿಮ್ಮ ಮನೆಯಲ್ಲೂ ಮಾತಿಲ್ಲದೆ ಉಂಡು ಎದ್ದು ಹೋಗುವವರು ಇದ್ದಾರಾ...? ಅವರ ಮನಸ್ಸಿನಲ್ಲಿ ಏನಿದೆ ಎಂದು ನೀವೇ ಊಹಿಸಿಕೊಂಡಿದ್ದೀರಾ, ಇಲ್ಲಾ ಒಮ್ಮೆಯಾದರೂ ಕೇಳಿದ್ದೀರಾ?