ಯೋಚನೆ ಮಾಡುವ ಕಾರು

ಸಿಗ್ನಲ್‌ನಲ್ಲಿ ಹಸಿರು ದೀಪ ಬಂತು. ಅವಳು ಆಕ್ಸಿಲರೇಟರ್ ಒತ್ತಿದಳು. ಕಾರು ಯೋಚನೆಗೆ ಬಿತ್ತು. ಹೋಗಲೋ ಬೇಡವೋ ಅಂತ ಮನೆಮಂದಿಯನ್ನೆಲ್ಲ ಕೇಳಿಕೊಂಡು ಬಂದ ಹಾಗೆ ಕೊಂಚ ತಡೆದು, ಆಮೇಲೆ ಒಲ್ಲದ ಮನಸ್ಸಿನಿಂದ ಹೊರಟಿತು. ಅಷ್ಟರಲ್ಲಿ ಹಿಂದಿನವರು ಹಾರ್ನ್ ಹೊಡೆದು ಅವಳ ಏಳು ತಲೆಮಾರನ್ನೂ ವಿಚಾರಿಸಿಕೊಂಡಿದ್ದರು.

"ಗಾಡಿದೇನೂ ತಪ್ಪಿಲ್ಲ," ಎಂದ ಪಕ್ಕದಲ್ಲಿ ಕೂತಿದ್ದ ಗಂಡ. "ನಿನ್ನ ಕಾಲು ಹೆದರುತ್ತೆ. ಗಾಡಿಗೆ ಅದು ಗೊತ್ತಾಗುತ್ತೆ."

"ನಿಮ್ಮ ಕಾಲಿಗೆ ಮಾತ್ರ ಓಡುತ್ತಲ್ಲ?"

"ನಂದು ಪಳಗಿದ ಕಾಲು ಕಣೇ."

ಮುಂದಿನ ತಿರುವಿನಲ್ಲಿ ಸೀಟು ಬದಲಾಯಿಸಿದರು. ಗಂಡ ಒಮ್ಮೆ ಮೊಬೈಲ್ ನೋಡಿ ಜೇಬಿಗೆ ಹಾಕಿಕೊಂಡು ಪೆಡಲ್ ಮುಟ್ಟಿದ. ಬಾಲಕ್ಕೆ ಬೆಂಕಿ ಬಿದ್ದಂತೆ ಕಾರು ಹಾರಿತು. ಈಚೆಗೆ ಅವನು ಪೆಡಲಿನ ಮೇಲ್ಗಡೆ, ವೈರ್‌ಗೆ ಸಿಕ್ಕಿಸುವ, ಬೆಂಕಿಪೊಟ್ಟಣದಷ್ಟಿರುವ ಒಂದು ಡಬ್ಬಿ ಹಾಕಿಸಿದ್ದ. ಇಂಜಿನ್ ಬಿಚ್ಚುವ ಖರ್ಚಿಲ್ಲ, ಮುಟ್ಟಿದರೆ ಸಾಕು ಗಾಡಿ ಮುಂದಿರುತ್ತದೆ ಎಂದು ಸಿಕ್ಕಸಿಕ್ಕವರ ಹತ್ತಿರವೆಲ್ಲ ಡಬ್ಬಿಯ ಗುಣಗಾನ ಮಾಡಿದ್ದ. ಆ ಡಬ್ಬಿ ಬಂದ ಮೇಲೇ ಅವಳ ಕಾಲು ಹೆದರತೊಡಗಿದ್ದು.

ಅವಳು ಫಿಸಿಯೋಥೆರಪಿಸ್ಟ್. ಹಾಸಿಗೆ ಬಿಟ್ಟು ಏಳಲಾಗದ ರೋಗಿಗಳ ಮನೆಗೇ ಹೋಗಿ ವ್ಯಾಯಾಮ ಮಾಡಿಸುವ ಕೆಲಸಕ್ಕೆ ಕ್ಲಿನಿಕ್ಕಿನ ದೊಡ್ಡ ಡಾಕ್ಟರಮ್ಮ ಅವಳನ್ನೇ ಆರಿಸಿದ್ದರು. ಅವಳು ಬಹಳ ಕಾಲದಿಂದ ಬಾಯಿ ಬಿಡದೆ ಆಸೆಪಟ್ಟಿದ್ದ ಕೆಲಸ. ಕಾರು ತಾನೇ ಓಡಿಸಬೇಕು ಅನ್ನುವುದೊಂದೇ ಷರತ್ತು. ಮರುದಿನ ಸಂಜೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಮನೆಗೆ ಬಂದವಳು ತನ್ನ ಬಲಗಾಲನ್ನು ಸ್ಟೂಲಿನ ಮೇಲಿಟ್ಟು, ಪಾದ ಮೇಲೆ ಕೆಳಗೆ ಆಡಿಸಿ, ಬೆರಳು ಮಡಚಿ, ಮಂಡಿ ತಟ್ಟಿ ನೋಡಿದಳು. ಬೇರೆ ಯಾರದಾದರೂ ಕಾಲಾಗಿದ್ದರೆ, ಏನೂ ಆಗಿಲ್ಲ ಹೋಗಿ ಎಂದು ಕಳಿಸಿಬಿಡುತ್ತಿದ್ದಳು.

ಬೆಳಿಗ್ಗೆ, ಉಹೂಂ ಅನ್ನುವ ಮುಂಚೆ ಕೊನೆಯ ಪ್ರಯತ್ನ ಅಂತ ಒಬ್ಬಳೇ ಗ್ಯಾರೇಜಿಗೆ ಹೊರಟಳು. ಗಂಡ ಗೇಟಿನವರೆಗೆ ಬಂದು, ಮೊಬೈಲ್ ಒತ್ತುತ್ತಲೇ, "ಹುಷಾರು," ಎಂದ.

"ಬನ್ನಿ ಅಕ್ಕಾ, ಭಾವ ಬರ್ಲಿಲ್ವಾ?" ವ್ಯಾನಿನ ಅಡಿಯಿಂದ ಮೆಕ್ಯಾನಿಕ್‌ನ ದನಿ ಮೊದಲು ಬಂತು, ತಲೆ ಆಮೇಲೆ.

"ಅವರಿಗಾದ್ರೆ ಗಾಡಿ ಓಡುತ್ತಪ್ಪಾ. ನಂಗೇ ಓಡಲ್ಲ. ನನ್ನ ಕಾಲಿಗೆ ಅಂತ ಇನ್ನೊಂದು ಡಬ್ಬಿ ಹಾಕೋಕಾಗುತ್ತಾ?"

"ಒಂದು ಗಾಡಿಗೆ ಒಂದೇ ಡಬ್ಬಿ ಅಕ್ಕಾ. ಎರಡು ಹಾಕಿದ್ರೆ ಓರಗಿತ್ತಿಯರ ಥರ ಜಗಳಕ್ಕೆ ಬೀಳ್ತಾವೆ." ಮೆಕ್ಯಾನಿಕ್ ಕಾರು ಹತ್ತಿ ಗೇಟಿನಾಚೆ ಒಂದು ಸುತ್ತು ಹೊಡೆದು ಬಂದ. ಮುಖ ಸಪ್ಪಗಾಗಿತ್ತು. "ಏನಕ್ಕಾ ಇದು, ಒತ್ತಿದ್ರೂ ಹೊದ್ದುಕೊಂಡು ಮಲ್ಗಿದೆ?"

"ನಿನ್ನ ಕಾಲೂ ಹೆದರುತ್ತಾ?" ಅವಳ ದನಿಯಲ್ಲಿ ಆಸೆ ಚಿಗುರಿತ್ತು.

"ನಂದ್ಯಾಕೆ ಹೆದರುತ್ತೆ?"

ಬಾನೆಟ್ ಎತ್ತಿ ಏರ್ ಫಿಲ್ಟರ್ ಹೊರಗೆಳೆದ. ಬಿಸಿಲಿಗೆ ಹಿಡಿದರೆ ಬೆಳಕು ಹಾಯುತ್ತಿತ್ತು. ಥ್ರಾಟಲ್‌ನೊಳಗೆ ಬೆರಳು ಆಡಿಸಿದ, ಮಸಿಯಿರಲಿಲ್ಲ. "ನೀವು ಪುಣ್ಯವಂತರು ಅಕ್ಕಾ, ನನಗೇ ಲಾಸು," ಎನ್ನುತ್ತ ಕೈ ಒರೆಸಿಕೊಂಡು ಮೊಬೈಲ್ ತೆಗೆದ. "ಡಬ್ಬಿ ಹಾಕ್ದೋನು ನಾನೇ, ಸೆಟ್ಟಿಂಗ್ ಭಾವನ ಮೊಬೈಲಲ್ಲಿರೋ ಹಾಗೆ ಇಲ್ಲೂ ಸಿಗುತ್ತೆ. ಡಬ್ಬಿ ಇಂಜಿನ್ನಿಗೇನೂ ಬಲ ಕೊಡಲ್ಲ ನೋಡಿ. ನಾವು ಕೇಳಿದ್ದಕ್ಕೆ ಬೇಗ ಉತ್ತರ ಕೊಡ್ಬೇಕಾ, ನಿಧಾನಕ್ಕಾ, ಅಷ್ಟನ್ನೇ ಅದು…"

ಅಲ್ಲಿಗೆ ಮಾತು ನಿಂತಿತು. ಅವನ ಮಾತು ನಿಲ್ಲುವುದನ್ನು ಆ ಗ್ಯಾರೇಜ್ ಕಂಡಿರಲಿಲ್ಲ.

"ಏನಾಯ್ತಪ್ಪಾ?"

"ಏನಿಲ್ಲ ಅಕ್ಕಾ. ಗಾಡಿ ಸರಿಯಾಗೇ ಇದೆ."

"ತೋರ್ಸು ಇಲ್ಲಿ."

ತೆರೆಯ ಮೇಲೆ ಎರಡು ಗುಂಡಿಗಳಿದ್ದವು. ಗಂಡ ಕನ್ನಡದಲ್ಲೇ ಹೆಸರಿಟ್ಟಿದ್ದ. ಒಂದು ‘ನಾನು’. ಇನ್ನೊಂದು ‘ಅವಳು’. ಹಸಿರಾಗಿ ಉರಿಯುತ್ತಿದ್ದುದು ‘ಅವಳು’.

"‘ನಾನು’ ಅಂದ್ರೆ ಮುಟ್ಟಿದ ಕೂಡ್ಲೇ ಹೋಗುತ್ತೆ," ಎಂದ ಮೆಕ್ಯಾನಿಕ್ ನೆಲ ನೋಡುತ್ತ. "ಇನ್ನೊಂದು… ಸ್ವಲ್ಪ ತಡೆದು. ಭಾವ ಒಳ್ಳೇದಕ್ಕೇ ಮಾಡಿರ್ತಾರೆ ಅಕ್ಕಾ. ಎಲ್ಲಾದ್ರೂ ಗುದ್ದಿಬಿಟ್ರೆ ಅಂತ…"

"ಇರಬಹುದು," ಎಂದಳು.

‘ನಾನು’ ಒತ್ತಿದಳು. ಕಾರು ಹತ್ತಿ, ಗ್ಯಾರೇಜಿನ ಹಿಂದಿನ ಏರು ರಸ್ತೆ ಹಿಡಿದಳು. ಕಾರು ಯಾರನ್ನೂ ಕೇಳದೆ ಹತ್ತಿತು. ಹೆದರುವ ಕಾಲು ಬ್ರೇಕನ್ನು ಎಲ್ಲಿ ಬೇಕೋ ಅಲ್ಲಿ ಒತ್ತಿತು, ಕ್ಲಚ್ಚಿನ ಕಾಲೂ ಅದರ ಮಾತು ಕೇಳಿತು. ವಾಪಸ್ ಬಂದು ಇಳಿದವಳೇ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. "ಹೂಂ ಮೇಡಂ. ನಾಳೆಯಿಂದ್ಲೇ."

ಮೆಕ್ಯಾನಿಕ್ ಅಲ್ಲೇ ಕೈ ಕೈ ಹಿಸುಕಿಕೊಳ್ಳುತ್ತಿದ್ದ. "ಹೆಸರು ಅಳಿಸಿಬಿಡ್ಲಾ ಅಕ್ಕಾ?"

"ನೀನು ಅಳಿಸಿದ್ರೆ ಅವರ ಮೊಬೈಲಲ್ಲೂ ಹೋಗುತ್ತಾ?"

"ಹೆಸರು ಇರೋದು ಡಬ್ಬಿಯೊಳಗೇ ಅಲ್ವಾ. ಇಲ್ಲಿ ಏನು ಬರೀತೀವೋ ಅವ್ರಿಗೂ ಅದೇ ಕಾಣ್ಸುತ್ತೆ."

"ಹಾಗಾದ್ರೆ ಅಳಿಸ್ಬೇಡ. ‘ನಾನು’ ಸರಿಯಾಗೇ ಇದೆ. ಇನ್ನೊಂದ್ರಲ್ಲಿ ಒಂದಕ್ಷರ ತಪ್ಪಾಗಿದೆ, ಅಷ್ಟೇ."

ಅವನ ಕೈಯಿಂದ ಮೊಬೈಲ್ ತೆಗೆದುಕೊಂಡು, ಕೊನೆಯ ‘ಳು’ ಅಳಿಸಿ, ಆ ಜಾಗಕ್ಕೆ ‘ರು’ ಬರೆದಳು. ನಿಧಾನದ ಗುಂಡಿಯ ಮೇಲೆ ಈಗ, ತಕ್ಕ ಮರ್ಯಾದೆಯೊಂದಿಗೆ, ‘ಅವರು’ ಎಂದಿತ್ತು.